ಎಡಗೈಗೆ ಮಾಡಿಸಿದ ಕೊಕ್ಕೆಗೋಲು

ಕೊಟ್ಟೂರಿನ ಸಾಮಿಲ್ಲಿನ ಒಡತಿಯನ್ನು ನಾವು ಹಮಾಲರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ದಿಮ್ಮಿ ಉರುಳಿಸಲು ಹಾರೆಯಾಗಲಿ ಕೊಕ್ಕೆಗೋಲಾಗಲಿ ಕೊಳ್ಳುವ ಮೊದಲು ತಾನೇ ದಿಮ್ಮಿಯ ಅಡಿಗೆ ಕೊಟ್ಟು ಮೀಟಿ ನೋಡುವಳು. ಸರಿಬಾರದಿದ್ದರೆ, "ಇದು ನಮ್ಮ ಮಾತು ಕೇಳಂಗಿಲ್ಲಪಾ" ಎಂದು ಪಕ್ಕಕ್ಕಿಡುವಳು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯನಾಗಿದ್ದ ಕಾಕಾನ ಬಲಗೈ ಸೋಲತೊಡಗಿತ್ತು. ಒಮ್ಮೆ ಚಿಗಟೇರಿಯಿಂದ ಬಂದ ಹುಣಸೆ ದಿಮ್ಮಿಯನ್ನು ಉರುಳಿಸುವಾಗ ಆತನ ಕೈಯಿಂದ ಹಾರೆ ಜಾರಿತು. ದಿಮ್ಮಿ ನನ್ನ ಪಾದದ ಹತ್ತಿರವೇ ಬಂದು ನಿಂತಿತು.

"ಇನ್ನ ನಾ ಬರಾದಿಲ್ಲವ್ವಾ" ಎಂದು ಕಾಕಾ ಮನೆಗೆ ಹೋಗಿಬಿಟ್ಟ. ಖಾಲಾ ತಡೆಯಲಿಲ್ಲ.

ಮರುದಿನ ನನ್ನನ್ನು ಕರೆದುಕೊಂಡು ಕಮ್ಮಾರನ ಬಳಿ ಹೋದಳು. "ಕೊಕ್ಕಿ ಚೂಪಿರಲಿ, ಕೋಲು ಹಗುರಿರಲಿ. ಎಡಗೈಲೇ ಹಿಡಿಯಾಕ ಬರಬೇಕು ನೋಡ್ರಿ" ಎಂದು ಎದುರಿಗೆ ನಿಂತು ಮಾಡಿಸಿದಳು. ಅದನ್ನು ನೇರ ಕಾಕಾನ ಮನೆಗೆ ಒಯ್ದಳು.

"ಹೊಸಾ ಕೊಕ್ಕಿಕೋಲು ಯಾರ ಕೈಗೂ ಒಗ್ಗವಲ್ದು ಕಾಕಾ. ನೀವರ ಒಮ್ಮೆ ನೋಡ್ರಿ."

ಕಾಕಾ ಅದನ್ನು ಎಡಗೈಗೆ ತೆಗೆದುಕೊಂಡು ತೂಗಿ ನೋಡಿದ. ಆತನ ಮುಖ ಅರಳಿತು. "ಈಗಿನ ಹುಡುಗರಿಗೆ ಏನ್ ಗೊತ್ತಾಕೈತವ್ವಾ" ಎನ್ನುತ್ತ ಚಪ್ಪಲಿ ಮೆಟ್ಟಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಖಾಲಾ ಮೆಲ್ಲಗೆ ನನ್ನ ಕಾಲು ತುಳಿದಳು.