ಬೈರಮ್ಮನ ಕಂಜೆಷನ್

ಬಿಂಡಿಗನವಿಲೆಯ ಬೈರಮ್ಮನಿಗೆ ಮೂಗು ಕಟ್ಟಿ ವಾರದ ಮೇಲಾಗಿತ್ತು. ಬಾಯಲ್ಲೇ ಉಸಿರಾಡಿ ಗಂಟಲು ಒಣಗುತ್ತಿತ್ತು, ಹುರುಳಿ ಸಾರಿನ ರುಚಿಯೇ ಹತ್ತುತ್ತಿರಲಿಲ್ಲ. ಮೆಣಸಿನ ಕಷಾಯಕ್ಕೂ ಬಗ್ಗಲಿಲ್ಲವೆಂದು ನಾಗಮಂಗಲದ ಬಸ್ಸು ಹತ್ತಿದಳು. ಅಲ್ಲಿನ ಡಾಕ್ಟರು ಮೂಗಿಗೆ ಬ್ಯಾಟರಿ ಬಿಟ್ಟು ನೋಡಿ, "ಕಂಜೆಷನ್ ಇದೆಯಮ್ಮ" ಎಂದು ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಬೈರಮ್ಮ ಚೀಟಿ ಹಿಡಿದು ಹೊರಗೆ ಬಂದಳು. ಗಂಡ ಬೋರಯ್ಯನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗಲೂ ಇದೇ ಮಾತು ಕೇಳಿದ್ದಳು: ಎದೆಯಲ್ಲಿ ಕಂಜೆಷನ್. ಆಮೇಲೆ ಅವನು ಮನೆಗೆ ನಡೆದು ಬರಲಿಲ್ಲ.

ಔಷಧಿ ಕೊಳ್ಳದೆಯೇ ಊರಿಗೆ ಬಂದಳು. ಕುರಿ ಮೇಯಲು ಬಿಟ್ಟು ಹುಣಸೆಮರದ ಕೆಳಗೆ ಕೂತರೆ ತಲೆಯೆಲ್ಲ ಗೋಜಲು. ಅವನಿಗೆ ಎದೆಯಲ್ಲಿದ್ದದ್ದು ತನಗೆ ಮೂಗಿನಲ್ಲಿ ಯಾಕೆ ಬಂತು? ಇಳಿಯುತ್ತ ಇಳಿಯುತ್ತ ಎದೆಗೆ ಹೋಗುವುದೋ? ಆದರೆ ಮುದ್ದೆ ಇಳಿಯುತ್ತಿದೆ, ಕುರಿಯ ಹಿಂದೆ ದಿಬ್ಬ ಹತ್ತಿದರೂ ಏದುಸಿರಿಲ್ಲ. ಸಾಯುವವರು ಹೀಗಿರುತ್ತಾರೆಯೇ?

ಸಂಜೆ ಕಿವಿಯ ಓಲೆ ಬಿಚ್ಚಿ ಸೊಸೆ ರಂಜಿತಳ ಮುಂದೆ ಹಿಡಿದಳು.

"ಮಡೀಕೊ. ಆಮೇಲೆ ಯಾರಿಗೂ ಗ್ಯಾನ ಇರಕಿಲ್ಲ."

"ಯಾಕತ್ತೆ, ಏನಾಯ್ತು?"

"ನಿಮ್ ಮಾವುಂಗೆ ಬಂದಿದ್ದೇ ನಂಗೂ ಬಂದದೆ ಕಣವ್ವ. ಕಂಜೆಸನ್ನು."

ರಂಜಿತ ಗಾಬರಿಯಾದಳು. ಓಲೆಯನ್ನು ಅತ್ತೆಯ ಕಿವಿಗೇ ಸಿಕ್ಕಿಸಿ, ಬೆಳಿಗ್ಗೆ ಎದ್ದವಳೇ ಅವಳನ್ನು ಮತ್ತೆ ಡಾಕ್ಟರ ಮುಂದೆ ಕೂರಿಸಿದಳು.

ಎಲ್ಲ ಕೇಳಿದ ಡಾಕ್ಟರು ಪೆನ್ನು ಕೆಳಗಿಟ್ಟರು. "ಕಂಜೆಷನ್ ಅಂದ್ರೆ ಕಾಯಿಲೆ ಹೆಸರಲ್ಲಮ್ಮ. ಕಟ್ಟಿಕೊಂಡಿದೆ ಅಂತ ಅಷ್ಟೆ. ನಿಮಗೆ ಶೀತಕ್ಕೆ ಮೂಗಿನ ಒಳಗೆ ಊದಿಕೊಂಡಿದೆ, ಗಾಳಿ ಆಡ್ತಿಲ್ಲ. ನಿಮ್ಮ ಯಜಮಾನರಿಗೆ ಶ್ವಾಸಕೋಶದಲ್ಲಿ ನೀರು ಕಟ್ಟಿರಬೇಕು. ಮಾತು ಒಂದೇ, ಕಾಯಿಲೆ ಬೇರೆ."

"ಮೂಗು ಕಟ್ಟದೆ ಅನ್ನೋದ್ನ ಮೂಗು ಕಟ್ಟದೆ ಅಂತ್ಲೇ ಅಂದಿದ್ರೆ ಆಯ್ತಿತ್ತು, ಸ್ವಾಮಿ."

"ಬಾಯಿಗೆ ಅದೇ ಬಂದುಬಿಡತ್ತಮ್ಮ" ಎಂದು ಡಾಕ್ಟರು ನಕ್ಕರು.

ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಕೊಂಡು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಂಜಿತಳೇ ಅತ್ತೆಯ ತಲೆ ಹಿಂದಕ್ಕೆ ಬಾಗಿಸಿ ಮೂಗಿಗೆ ಹನಿ ಬಿಟ್ಟಳು. ಬಸ್ಸು ನಾಗಮಂಗಲ ದಾಟುವಷ್ಟರಲ್ಲಿ ಒಂದು ಹೊಳ್ಳೆ ಬಿಟ್ಟುಕೊಂಡಿತು. ಜೀವ ಹಗುರಾಗಬೇಕಿತ್ತು, ಆಯಿತು ಕೂಡ. ಆದರೂ ಡಾಕ್ಟರ ಮಾತು ಬೈರಮ್ಮನ ತಲೆಯಿಂದ ಹೋಗಿರಲಿಲ್ಲ.

"ಅದು ಕಾಯ್ಲೆ ಹೆಸ್ರೇ ಅಲ್ಲ ಅಂದ್ರಲ್ಲ," ಎಂದಳು. "ಅಂಗಾರೆ ನಿಮ್ ಮಾವುಂಗೆ ನೀರು ಕಟ್ಟಂಗೆ ಬಂದಿದ್ದು ಯಾವ ಕಾಯ್ಲೆ ಕಣವ್ವ?"