ತುಂಗಕ್ಕ ಉಂಡದ್ದು ಯಾವಾಗ?

ಆಗೆಲ್ಲ ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಬೇಸಿಗೆ ಬಂತೆಂದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಸಂಡಿಗೆ ಹಿಟ್ಟಿನ ವಾಸನೆ. ಇಂಗು, ನಿಂಬೆಹುಳಿ, ಹಸಿಮೆಣಸು ಸೇರಿ ಬೆಂದ ಆ ಹಿಟ್ಟನ್ನು ಅಜ್ಜಿಯೂ ಅತ್ತೆಯೂ ಬೆಳಿಗ್ಗೆಯೇ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಒತ್ತುತ್ತಿದ್ದರು. ಕಾಗೆ ಓಡಿಸುವ ಕೆಲಸ ನನ್ನದು. ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತು ಅಜ್ಜಿಗೆ ಕಾದಂಬರಿ ಓದಿ ಹೇಳುವುದೂ ನನ್ನದೇ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ನನಗೋ ಆ ತಮಿಳು ಊರಿನ ಶಾಲೆಯಲ್ಲಿ ಕನ್ನಡವಿರಲಿಲ್ಲ, ಅಜ್ಜಿಯೇ ಅಕ್ಷರ ತಿದ್ದಿಸಿದ್ದಳು. ಮನೆಯಲ್ಲಿದ್ದದ್ದು ರಟ್ಟು ಹರಿದು ಹೆಸರೂ ಉಳಿಯದ ಒಂದೇ ಕನ್ನಡ ಕಾದಂಬರಿ. ಮುಗಿದರೆ ಮತ್ತೆ ಮೊದಲಿನಿಂದ.

"ಬೋರ್ ಅಡಿಕ್ಕುದು ಅಜ್ಜಿ! ಕಥೆ ಗೊತ್ತಲ್ವಾ?"

"ಕಥೆ ಗೊತ್ತಾಯ್ತು. ಜನ ಗೊತ್ತಾದ್ರಾ? ಓದು ಕಣೇ."

ಅದರಲ್ಲಿ ತುಂಗಕ್ಕ ಎಂಬ ಹೆಂಗಸು. ತಮ್ಮನ ಮನೆಯಲ್ಲಿದ್ದುಕೊಂಡು, ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಕ್ಕಳು ಇನ್ನೊಂದು ಉಂಡೆ ಕೇಳಿದರೆ 'ಸಾಕು' ಎಂದು ಗದರುವವಳು. ನನಗೆ ಅವಳನ್ನು ಕಂಡರಾಗದು. ಅವಳ ಮಾತು ಬಂದಾಗಲೆಲ್ಲ ನಮ್ಮ ಅತ್ತೆಯ ದನಿಯಲ್ಲೇ ಓದುತ್ತಿದ್ದೆ. ಅತ್ತೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದರು. ಅರ್ಧ ಒಣಗಿದ ಸಂಡಿಗೆಗೆ ಕೈ ಹಾಕಿದರೆ ತಲೆಗೆ ಮೊಟಕುತ್ತಿದ್ದರು. ನನ್ನ ಅಣಕು ಕೇಳಿ ಮೊದಲು ನಗುತ್ತಿದ್ದವರೂ ಅವರೇ.

ಆ ಬೇಸಿಗೆಯಲ್ಲಿ ತಿರುವೊಟ್ಟಿಯೂರಿನ ಚಿಕ್ಕಪ್ಪ ಬಂದು ಅತ್ತೆಯನ್ನು ತಮ್ಮ ಮನೆಗೇ ಬಂದಿರಲು ಕರೆದರು.

"ಬರ್ತೀನಪ್ಪ. ಇಲ್ಲಿ ಮಕ್ಕಳು ದೊಡ್ಡವಾದ್ವು, ನನ್ನಿಂದ ಇನ್ನೇನಾಗ್ಬೇಕು?" ಎಂದರು ಅತ್ತೆ.

ಅಜ್ಜಿಯ ಮುಖ ಸಣ್ಣದಾಯಿತು. ಮರುದಿನ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿಸಿದಳು.

ಆ ಸಲ ಮದುವೆ ಊಟದ ಪುಟದಲ್ಲಿ ಓದು ನಿಲ್ಲಿಸಿದೆ. ಎಲ್ಲರ ಎಲೆಗೂ ಬಡಿಸುವವಳು ತುಂಗಕ್ಕ. ಹಿಂದಕ್ಕೆ ತಿರುವಿ ನೋಡಿದರೆ ಹಬ್ಬದಲ್ಲೂ ಅವಳೇ ಬಡಿಸಿದ್ದಳು.

"ಅಜ್ಜಿ, ತುಂಗಕ್ಕ ಊಟ ಮಾಡಿದ್ದು ಯಾವ ಪೇಜಲ್ಲಿದೆ?"

"ಓದೋಳು ನೀನು. ಹುಡುಕು."

ಕೊನೆಯವರೆಗೂ ಹುಡುಕಿದೆ, ಎಲ್ಲೂ ಇರಲಿಲ್ಲ. ಬೆಲ್ಲ ತೀರಿದ್ದನ್ನು ಅವಳು ತಮ್ಮನಿಗೂ ಹೇಳದೆ ನುಂಗಿಕೊಂಡ ಸಾಲೊಂದು ಸಿಕ್ಕಿತು. ಆ 'ಸಾಕು' ಬಂದದ್ದು ಅದರ ಬೆನ್ನಿಗೇ.

ಅಂದು ಮಧ್ಯಾಹ್ನ ನಮ್ಮೆಲ್ಲರ ಊಟವಾದ ಮೇಲೆ ಅಡುಗೆಮನೆಗೆ ಇಣುಕಿದೆ. ಅತ್ತೆ ಒಬ್ಬರೇ ಕುಳಿತು ತಳದ ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದರು. ಕರಿದ ಸಂಡಿಗೆಯೆಲ್ಲ ನಮಗೇ ಮುಗಿದಿತ್ತು. ನನಗೆ ಅಳು ಬಂತು. ಹೋಗಿ ಪಕ್ಕದಲ್ಲಿ ಕುಳಿತೆ.

"ಏನೇ, ಇನ್ನೂ ಹಸಿವಾ?"

"ಇಲ್ಲ. ಪೋಗಾದೀಂಗೊ ಅತ್ತೆ, ಹೋಗ್ಬೇಡಿ."

ಅತ್ತೆ ನನ್ನನ್ನೇ ನೋಡಿದರು. ಕೈಯಲ್ಲಿದ್ದ ತುತ್ತನ್ನು ನನ್ನ ಬಾಯಿಗಿಟ್ಟರು. ತಿರುವೊಟ್ಟಿಯೂರಿಗೆ ಹೋಗಲೇ ಇಲ್ಲ. ಅವರ ತಟ್ಟೆಗೆ ಬಡಿಸುವುದು ಅಂದಿನಿಂದ ನನ್ನ ಕೆಲಸವಾಯಿತು.

ಈಗ ನಮ್ಮ ಶೋಳಿಂಗನಲ್ಲೂರಿನ ಫ್ಲ್ಯಾಟಿಗೆ ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಟೆರೇಸಿಗೆ ಬೀಗ ಹಾಕಿರುತ್ತಾರೆ. ಅಜ್ಜಿಯಿಲ್ಲ, ಅತ್ತೆಯೂ ಇಲ್ಲ. ಪುಸ್ತಕ ಮಾತ್ರ ನನ್ನ ಹತ್ತಿರವಿದೆ. ಅಂದು ಮನೆಯಲ್ಲಿ ಒಂದೇ ಪುಸ್ತಕವಿದ್ದದ್ದು ನನ್ನ ಪುಣ್ಯ. ಹತ್ತಾರಿದ್ದಿದ್ದರೆ ತುಂಗಕ್ಕನ ಹತ್ತಿರ ನಾನು ಮತ್ತೆ ಹೋಗುತ್ತಿದ್ದೆನೇ?

ಮೊನ್ನೆ ಮತ್ತೆ ಓದಿದೆ. ಮಕ್ಕಳು ತನ್ನನ್ನು ಅಣಕಿಸುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ ತುಂಗಕ್ಕ ನಗುವ ಒಂದು ಸಾಲಿದೆ. ಅಷ್ಟು ಸಲ ಗಟ್ಟಿಯಾಗಿ ಓದಿದವಳಿಗೆ ಆ ನಗು ಕೇಳಿಸಿರಲೇ ಇಲ್ಲ. "ಅತ್ತೆ, ಇಲ್ಲಿ ಕೇಳಿ" ಎನ್ನಲು ತಲೆಯೆತ್ತಿದೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಅದನ್ನು ಗಟ್ಟಿಯಾಗಿ, ಅತ್ತೆಯ ದನಿಯಲ್ಲೇ ಓದಿದೆ.