ಗೊರಕೆ ಹೊಡೆಯುವ ಆಂಪ್ಲಿಫೈಯರ್

ನಮ್ಮ ಹಲಸೂರಿನ ಮನೆಯಲ್ಲಿ ಅತ್ತೆಯವರು ನನ್ನೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಅಳಿಯನ ಎದುರು ನಿಂತು ಮಾತಾಡುವುದು ಅವರ ಕಡೆ ಮರ್ಯಾದೆಯಲ್ಲ, ಅಷ್ಟೆ. ಮಗಳು ಮನೆಯಲ್ಲಿದ್ದರೆ ಮಗಳಿಗೆ ಹೇಳುತ್ತಿದ್ದರು. ಅವಳು ಆಫೀಸಿಗೆ ಹೋದ ಮೇಲೆ ಫ್ರಿಜ್ಜಿಗೆ ಹೇಳುತ್ತಿದ್ದರು. "ಅಳಿಯಂದ್ರು ಸಾರು ಬಿಸಿ ಮಾಡ್ಕೊಬೇಕಂತೆ" ಎಂದು ಅವರು ಫ್ರಿಜ್ಜಿನ ಬಾಗಿಲಿಗೆ ಹೇಳಿದರೆ, ನಾನೂ ಅದಕ್ಕೇ "ಆಯ್ತು" ಎನ್ನುತ್ತಿದ್ದೆ. ಹನ್ನೊಂದು ವರ್ಷ ಆ ಫ್ರಿಜ್ ನಮ್ಮಿಬ್ಬರ ಮಾತನ್ನು ಏನೂ ಸೇರಿಸದೆ, ಏನೂ ಬಿಡದೆ ತಲುಪಿಸಿತು.

ಮನೆಯಲ್ಲಿ ಸದ್ದು ಮಾಡುತ್ತಿದ್ದ ಇನ್ನೊಂದು ವಸ್ತು ನನ್ನ ಗಿಟಾರಿನ ಆಂಪ್ಲಿಫೈಯರ್. ರಿಚರ್ಡ್ಸ್ ಟೌನಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ತಂದದ್ದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮರದ ಪೆಟ್ಟಿಗೆಯೊಳಗೆ ಗಾಜಿನ ವಾಲ್ವುಗಳು ಸಾಲಾಗಿ ನೆಟ್ಟಗೆ ನಿಂತು ಕೆಂಪಗೆ ಉರಿಯುತ್ತವೆ. ಮೊದಮೊದಲು ಅದರ ದನಿ ಕೇಳಿ ನನಗೆ ಕಣ್ಣಲ್ಲಿ ನೀರು ಬಂದದ್ದುಂಟು. ಬರಬರುತ್ತಾ ಅದಕ್ಕೆ ಗೊರಕೆ ಶುರುವಾಯಿತು. ಗುಂಯ್ ಎನ್ನುವ ಒಂದೇ ಸಮನಾದ ಸದ್ದು, ನಡುನಡುವೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. ಪ್ರತಿ ವರ್ಷ ದಸರಾ ಮುಗಿಯುತ್ತಿದ್ದ ಹಾಗೆ ಅದು ಒಂದು ಪಟ್ಟು ಹೆಚ್ಚುತ್ತಿತ್ತು. ಹವೆ ಬದಲಾಗುವುದಕ್ಕೆ ಹೀಗಾಗುತ್ತದೆ ಎಂದು ನಾನು ಸಿಕ್ಕವರಿಗೆಲ್ಲ ವಿವರಿಸುತ್ತಿದ್ದೆ.

ಕೊನೆಗೆ ಹೆಂಡತಿ ಗಡುವು ಕೊಟ್ಟಳು. "ಈ ಶನಿವಾರದೊಳಗೆ ಸದ್ದು ನಿಲ್ಲಿಸಿ. ಇಲ್ಲಾಂದ್ರೆ ಮಾರತ್ತಹಳ್ಳಿಯವ್ರಿಗೆ ಕೊಟ್ಬಿಡಿ." ಮಾರತ್ತಹಳ್ಳಿಯವರು ಎಂದರೆ ಅದನ್ನು ಹಾಲಿನಲ್ಲಿಟ್ಟು ಮೇಲೊಂದು ಹೂವಿನ ಕುಂಡ ಇಡಬೇಕೆಂದಿದ್ದ ಮಹಾನುಭಾವರು. "ಅಮ್ಮಂಗೂ ಆಗಲ್ಲ ಕಣ್ರೀ. ನೀವು ಶುರು ಮಾಡಿದ ತಕ್ಷಣ ರೂಮಿನ ಬಾಗಿಲು ಹಾಕ್ಕೊಳ್ತಾರೆ, ನೋಡಿಲ್ವಾ?" ನೋಡಿದ್ದೆ. ಬಾಗಿಲು ಹಾಕಿದ ಸದ್ದು ಆ ಗೊರಕೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಇಂಟರ್‌ನೆಟ್ಟಿನಲ್ಲಿ ಹೇಳಿದಂತೆ ಪತ್ತೇದಾರಿಕೆಗೆ ಇಳಿದೆ. ವೈರು ಬದಲಿಸಿದೆ. ಗಿಟಾರನ್ನೇ ಬಿಚ್ಚಿಟ್ಟೆ. ಗೊರಕೆ ಹಾಗೇ ಇತ್ತು. ಮನೆಯ ಬೇರೆ ಯಾವುದೋ ವಸ್ತುವಿನಿಂದ ಕರೆಂಟಿನಲ್ಲಿ ಗಲೀಜು ಬರುತ್ತಿರಬಹುದು, ಒಂದೊಂದಾಗಿ ಆರಿಸಿ ನೋಡಿ ಎಂದು ಯಾರೋ ಬರೆದಿದ್ದರು. ಟ್ಯೂಬ್‌ಲೈಟು, ಫ್ಯಾನು, ದೇವರ ಮುಂದಿನ ಮಿಣುಕು ದೀಪ ಎಲ್ಲ ಆರಿಸಿದೆ. ಕೆಳಗಿನ ಮನೆಯವರ ಮೀನಿನ ತೊಟ್ಟಿಯ ಮೋಟಾರನ್ನೂ ಬಿಡಲಿಲ್ಲ. ಅವರು ಗಡಿಯಾರ ಹಿಡಿದು ನಿಂತು, "ಎರಡೇ ನಿಮಿಷ ಸಾರ್, ಮೀನಿಗೆ ಉಸಿರು ಕಟ್ಟುತ್ತೆ" ಎಂದು ಮೆಟ್ಟಿಲಿನಿಂದ ಕೂಗುತ್ತಿದ್ದರು. ಕಡೆಗೆ ಫ್ರಿಜ್ಜಿನ ಪ್ಲಗ್ ಕಿತ್ತೆ. ಗೊರಕೆ ಆಗಲೂ ನಿಲ್ಲಲಿಲ್ಲ. ಅತ್ತೆಯವರು ಏನೋ ಹೇಳಲು ಅಡುಗೆಮನೆಗೆ ಬಂದರು, ಬಾಗಿಲು ತೆರೆದು ದೀಪವಿಲ್ಲದೆ ನಿಂತಿದ್ದ ಫ್ರಿಜ್ಜನ್ನು ನೋಡಿದರು, ಬಾಯಿ ಮುಚ್ಚಿಕೊಂಡು ಹಿಂದಿರುಗಿದರು. ಅಡುಗೆಯಾಗಿದೆ ಎಂದು ಹೇಳುವವರೇ ಇಲ್ಲದೆ ಅಂದು ನಾನು ನಾಲ್ಕು ಗಂಟೆಯವರೆಗೆ ಉಪವಾಸವಿದ್ದೆ.

ಶುಕ್ರವಾರ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಆಟೋದಲ್ಲಿ ಶಿವಾಜಿನಗರಕ್ಕೆ ಒಯ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ವಾಲ್ವುಗಳನ್ನು ತಟ್ಟಿ ನೋಡಲು ಮರದ ಕಡ್ಡಿ ಹಿಡಿದು ಪೆಟ್ಟಿಗೆಯ ಬೆನ್ನನ್ನು ಬೆಳಕಿಗೆ ತಿರುಗಿಸಿದರು. ಆಮೇಲೆ ಕಡ್ಡಿ ಕೆಳಗಿಟ್ಟು ಕನ್ನಡಕ ಹಾಕಿಕೊಂಡರು.

"ಸಾಬ್, ನೀವು ಇದರ ಹಿಂದ್ಗಡೆ ಯಾವಾಗಾದ್ರೂ ನೋಡಿದೀರಾ?"

"ಇಲ್ಲ, ಕರೆಂಟ್ ಹೊಡೆಯುತ್ತೆ ಅಂತ ಭಯ."

"ಯಾರೋ ಭಯ ಇಲ್ದೋರು ನೋಡಿದಾರೆ."

ಒಂದು ವಾಲ್ವ್ ಕಿತ್ತು ನನ್ನ ಕೈಗಿಟ್ಟರು. ಗಾಜಿನ ಮೇಲೆ ಅಡ್ಡಕ್ಕೆ ಮೂರು ಗೆರೆ ವಿಭೂತಿ, ನಡುವೆ ಒಂದು ಕುಂಕುಮದ ಬೊಟ್ಟು, ಎಲ್ಲ ಬಿಸಿಗೆ ಸುಟ್ಟು ಗಟ್ಟಿಯಾಗಿತ್ತು. ಆರು ವಾಲ್ವಿಗೂ ಅದೇ ಅಲಂಕಾರ. ಕೆಳಗಿನ ಸಾಕೆಟ್ಟುಗಳೊಳಗೆ ಗಂಧ, ಕುಂಕುಮ ಪದರಪದರವಾಗಿ ಇಳಿದು ಕೂತಿತ್ತು. ಒಂದರಲ್ಲಿ ಒಣಗಿದ ಚೆಂಡು ಹೂವಿನ ಎಸಳೂ ಸಿಕ್ಕಿತು.

"ಇದೇ ನೋಡಿ ನಿಮ್ಮ ಆವಾಜ್. ಒಂದು ವರ್ಷದ್ದಲ್ಲ ಇದು" ಎಂದು ಅವರು ಸಾಕೆಟ್ಟುಗಳನ್ನು ಉಜ್ಜಿ ತೊಳೆದರು. ಮತ್ತೆ ಸ್ವಿಚ್ ಹಾಕಿದಾಗ ಪೆಟ್ಟಿಗೆ ತೆಪ್ಪಗಿತ್ತು. "ಗಾಜಿನ ಮೇಲೆ ಹಚ್ಚಿದ್ರೆ ಪರವಾಗಿಲ್ಲ, ಸಾಬ್. ಆದ್ರೆ ಪ್ಲಗ್ ತೆಗೆದ್ರೂ ಒಳಗೆ ಕರೆಂಟ್ ನಿಂತಿರುತ್ತೆ. ಪೂಜೆ ಮಾಡಿದೋರು ಬಚಾವ್ ಆಗಿದಾರೆ."

ಆಟೋದಲ್ಲಿ ಕೂತಾಗ ಎಲ್ಲ ಹೊಳೆಯಿತು. ದಸರೆಯಲ್ಲಿ ಆಯುಧ ಪೂಜೆ ಬರುತ್ತದೆ. ಆ ದಿನ ನಮ್ಮಲ್ಲಿ ಸ್ಕೂಟರಿನಿಂದ ಈಳಿಗೆಮಣೆಯವರೆಗೆ ಎಲ್ಲಕ್ಕೂ ಪೂಜೆ. ಹೆಂಡತಿ ಈ ಪೆಟ್ಟಿಗೆಯ ಹತ್ತಿರ ಸುಳಿಯುವವಳಲ್ಲ. ಉಳಿದವರು ಒಬ್ಬರೇ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಆ ಕೈಗೆ ಏನಾದರೂ ಆಗಿದ್ದರೆ ಎಂದು ಭಯವಾಯಿತು.

ಮನೆಗೆ ಬಂದು ಸೀದಾ ಫ್ರಿಜ್ಜಿನ ಮುಂದೆ ನಿಂತೆ. "ಆಂಪ್ಲಿಫೈಯರ್ ಹಿಂದೆ ಕೈ ಹಾಕಬೇಡಿ ಅಂತ ಅತ್ತೆಯವರಿಗೆ ಹೇಳು. ಅದು ಜೀವ ತೆಗೆಯುತ್ತೆ."

ಅತ್ತೆಯವರು ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. "ಸ್ಕೂಟರ್‌ಗೆ ಮಾಡ್ತೀವಿ, ಇದಕ್ಕೆ ಮಾಡ್ಬಾರ್ದಾ? ಇದೂ ಅವರ ಆಯುಧ ತಾನೇ?" ಎಂದು ಫ್ರಿಜ್ಜನ್ನು ಕೇಳಿದರು.

"ಅತ್ತೆಯವರಿಗೆ ಅದನ್ನ ಕಂಡರೇ ಆಗಲ್ವಲ್ಲ. ನಾನು ನುಡಿಸಿದ್ರೆ ಬಾಗಿಲು ಹಾಕ್ಕೊಳ್ತಾರೆ."

"ಅಳಿಯಂದ್ರ ಮುಂದೆ ಕಾಲು ನೀಡ್ಕೊಂಡು ಕೂತು ಕೇಳಕ್ಕಾಗುತ್ತಾ? ಅದಕ್ಕೇ ಬಾಗಿಲು ಹಾಕ್ಕೊಂಡು ಕೇಳ್ತೀನಿ."

ಹನ್ನೊಂದು ವರ್ಷ ನಾನು ಆ ಬಾಗಿಲನ್ನು ತಪ್ಪಾಗಿ ತಿಳಿದಿದ್ದೆ. ಫ್ರಿಜ್ಜಿನ ಬಾಗಿಲು ತೆರೆದು ಒಂದು ಲೋಟ ನೀರು ಕುಡಿದೆ. ಮಾರತ್ತಹಳ್ಳಿಯವರಿಗೆ ಕುಂಡಕ್ಕೆ ಬೇರೆ ಏನಾದರೂ ನೋಡಿಕೊಳ್ಳಿ ಎಂದು ಮೆಸೇಜ್ ಹಾಕಿದೆ.

ಮುಂದಿನ ಆಯುಧ ಪೂಜೆಗೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಶಿವಾಜಿನಗರದ ಹಿರಿಯರಿಂದ ಕೆಟ್ಟುಹೋದ ವಾಲ್ವೊಂದನ್ನು ಕೇಳಿ ತಂದು ಪೂಜೆಯ ತಟ್ಟೆಯಲ್ಲಿಟ್ಟೆ. ಅತ್ತೆಯವರು ಅದನ್ನು ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು, ವಾಪಸ್ಸು ಇಟ್ಟರು. ಹೆಂಡತಿ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದಳು. ಫ್ರಿಜ್ ಅಡುಗೆಮನೆಯಲ್ಲಿತ್ತು. ಅತ್ತೆಯವರು ನನ್ನ ಮುಖವನ್ನೇ ನೋಡಿದರು.

"ಇದು ಸತ್ತಿರೋದು. ನೀವು ನುಡಿಸೋದನ್ನ ತನ್ನಿ."

ಒಳಗೆ ನಿಂತ ಕರೆಂಟ್ ಇಳಿದಿರಲಿ ಎಂದು ಹಿಂದಿನ ರಾತ್ರಿಯೇ ಪ್ಲಗ್ ಕಿತ್ತಿಟ್ಟಿದ್ದೆ. ಹೋಗಿ ಆರೂ ವಾಲ್ವುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಅವರ ಮುಂದೆ ಸಾಲಾಗಿ ನಿಲ್ಲಿಸಿದೆ.